ಇಸ್ತ್ರಿ ಅಂಗಡಿಯ ಮುಂದಿನ ನೆಲ

ಹೆಂಡತಿ ತಂದಿಟ್ಟ ಚಹಾದ ಲೋಟ ಅರ್ಧ ಮಾತ್ರ ತುಂಬಿತ್ತು. ಅರ್ಧ ಸಾಕೆಂದು ಅವನೇನೂ ಹೇಳಿರಲಿಲ್ಲ. ನಿನ್ನೆಯೂ ಹೇಳಿರಲಿಲ್ಲ ಎಂಬುದು ಈಗ ನೆನಪಾಯಿತು. ನಿನ್ನೆಯ ಲೋಟವೂ ಅರ್ಧವೇ ಇತ್ತು, ಮೊನ್ನೆಯದೂ. ಯಾವಾಗಿನಿಂದ ಹೀಗೆ ಎಂದು ಹಿಂದೆ ಹಿಂದೆ ಹೋದರೂ ತುಂಬಿದ ಲೋಟವೊಂದು ನೆನಪಿಗೆ ಸಿಗಲಿಲ್ಲ. ಹಾಲು ಕಡಿಮೆ ಬಿದ್ದಿರಬಹುದು. ಅವಳಿಗೆ ಅವಸರವಿರಬಹುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಅವನು ತನ್ನ ಬಲಗೈಯನ್ನು ನೋಡಿಕೊಂಡ. ಮೇಜಿನ ಮೇಲೆ ಬಿದ್ದಿದ್ದ ಅದು ಈಗ ಪರಮ ಸಾಧು. ಅದರ ಪಾಡಿಗೆ ಬಿಟ್ಟರೆ ಅದರಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ. ಏನನ್ನಾದರೂ ಎತ್ತು, ತಿರುಗಿಸು, ಹಿಡಿ ಎಂದರೆ ಮಾತ್ರ ಅದಕ್ಕೆ ತನ್ನದೇ ಒಂದು ಅಭಿಪ್ರಾಯ ಬಂದುಬಿಡುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗುತ್ತಿರುವಾಗಲೇ ಅವನು ಲೋಟವನ್ನು ಎರಡೂ ಕೈಯಿಂದ ಬಾಚಿ, ಮೊಣಕೈಗಳನ್ನು ಮೇಜಿಗೆ ಊರಿ, ತಲೆಯನ್ನೇ ಲೋಟದ ಹತ್ತಿರ ಒಯ್ದು ಕುಡಿದ. ಒಂದು ಹನಿಯೂ ಚೆಲ್ಲಲಿಲ್ಲ. ಯಾರೂ ನೋಡದಿದ್ದುದಕ್ಕೆ ಸಮಾಧಾನವಾಯಿತು. ಐವತ್ತು ದಾಟಿದ ಗಂಡಸು ಚಹಾ ಚೆಲ್ಲದೆ ಕುಡಿದೆನೆಂದು ಸಮಾಧಾನಪಡಬೇಕಾಗಿ ಬಂತಲ್ಲ ಎಂದು ಅದರ ಬೆನ್ನಿಗೇ ಹೇಸಿಗೆಯೂ ಆಯಿತು.

"ರೀ, ಬಟ್ಟೆ ಕುರ್ಚಿ ಮೇಲಿಟ್ಟಿದೀನಿ" ಎಂದಳು ಅವಳು ಒಳಗಿನಿಂದ. ಕುರ್ಚಿಯ ಮೇಲಿದ್ದುದು ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವ ಅಂಗಿ. ಗುಂಡಿಗಳೇ ಇಲ್ಲ.

"ಇದ್ಯಾಕೆ? ನನ್ನ ಬಿಳೀ ಷರ್ಟು ಎಲ್ಲಿ?"

"ಬಿಸಿಲಲ್ವಾ, ಸಡಿಲವಾಗಿರ್ಲಿ ಅಂತ ತೆಗೆದೆ. ಬೇಡ ಅಂದ್ರೆ ಬಿಡಿ."

ಅವಳ ದನಿಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಂತೆ ಮಾತಾಡಲು ಎಷ್ಟು ದಿನ ಅಭ್ಯಾಸ ಮಾಡಿರಬೇಕು ಎಂದುಕೊಂಡ ಅವನು ಗುಂಡಿಯಿಲ್ಲದ ಅಂಗಿಯನ್ನೇ ಹಾಕಿಕೊಂಡು ಹೊರಟ.

ಕಚೇರಿಯಲ್ಲಿ ಅವನನ್ನು ಬಕಪ್ಪ ಎನ್ನುತ್ತಿದ್ದರು. ಬೆನ್ನ ಹಿಂದೆ ಶುರುವಾದದ್ದು ವರ್ಷಗಳು ಕಳೆದಂತೆ ಮುಖದೆದುರೇ ನಡೆಯುವಂತಾಗಿ, ಕೊನೆಗೆ ಪ್ರೀತಿಯ ಹೆಸರೇ ಆಗಿಬಿಟ್ಟಿತ್ತು. ನೆಲದ ಸೆಳೆತ ಅಳೆಯುವ ಆ ಯಂತ್ರದ ಮುಂದೆ ಅವನು ಕೂತರೆ ನೀರಲ್ಲಿ ನಿಂತ ಕೊಕ್ಕರೆಯೇ ಸರಿ; ರೆಪ್ಪೆ ಸಹ ಅಲುಗುತ್ತಿರಲಿಲ್ಲ. ಯಂತ್ರವೆಂದರೆ ನೋಡುವುದಕ್ಕೆ ಅಂಥದ್ದೇನಲ್ಲ, ಹಿಡಿಕೆಯಿರುವ ಒಂದು ಡಬ್ಬ. ಒಳಗೆ ಕೂದಲಿನಂಥ ಒಂದು ಸ್ಪ್ರಿಂಗು, ಅದಕ್ಕೆ ನೇತುಬಿದ್ದ ಒಂದು ಚೂರು ಭಾರ. ಕೆಳಗೆ ಗಟ್ಟಿ ಬಂಡೆಯಿದ್ದರೆ ಭೂಮಿ ಆ ಚೂರನ್ನು ಕೊಂಚ ಹೆಚ್ಚು ಎಳೆಯುತ್ತದೆ, ಪೊಳ್ಳಿದ್ದರೆ ಕೊಂಚ ಕಡಿಮೆ. ಕೊಂಚವೆಂದರೆ, ಆನೆಯ ತೂಕದಲ್ಲಿ ಒಂದು ಸಾಸಿವೆ ಕಾಳು ಕಡಿಮೆಯಾದಷ್ಟು. ಅಷ್ಟನ್ನು ಹಿಡಿಯಬೇಕಾದರೆ ಮೂರು ತಿರುಪು ತಿರುಗಿಸಿ ಡಬ್ಬವನ್ನು ಮಟ್ಟಕ್ಕೆ ತರಬೇಕು, ಮಸೂರದಲ್ಲಿ ಕಣ್ಣಿಟ್ಟು, ಒಳಗಿನ ಸಣ್ಣ ಗೆರೆ ದೊಡ್ಡ ಗೆರೆಯ ಮೇಲೆ ಕೂರುವ ತನಕ ಬಿರಡೆಯನ್ನು ಉಗುರಿನಷ್ಟು, ಉಗುರಿನ ಅರ್ಧದಷ್ಟು ಹಂದಾಡಿಸಬೇಕು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಈ ಕೆಲಸದಲ್ಲಿ ಮೂರು ಊರುಗಳಲ್ಲಿ ಬಕಪ್ಪನಿಗೆ ಸಾಟಿಯಿಲ್ಲವೆಂದು ಹೆಸರಿತ್ತು. ಕೈಯೇ ಬೇಡದ, ತಾನಾಗಿ ಅಂಕಿ ತೋರಿಸುವ ಹೊಸ ಯಂತ್ರ ಕಚೇರಿಗೆ ಬಂದಾಗ, "ಅದು ಟೀವಿ ಕಣ್ರಯ್ಯ, ಅದನ್ನ ನೋಡ್ಬಹುದು, ಅದ್ರಲ್ಲಿ ಕೆಲಸ ಮಾಡೋಕಾಗಲ್ಲ" ಎಂದು ಮೂಗು ಮುರಿದವನು ಅವನೇ. ಅದೀಗ ದೂರದ ಅಣೆಕಟ್ಟಿನ ಕೆಲಸಕ್ಕೆ ಹೋಗಿತ್ತು. ಬಕಧ್ಯಾನ ಎಂಬ ಮಾತಿಗೆ ಜನ ಯಾವ ಅರ್ಥ ಕೊಡುತ್ತಾರೆಂಬುದು ಇಷ್ಟು ವರ್ಷ ಅವನ ತಲೆಗೆ ಬಂದಿರಲಿಲ್ಲ. ಹೊರಗೆ ತಪಸ್ಸು, ಒಳಗೆ ಮೀನಿನ ಯೋಚನೆ. ಈಚೆಗೆ ಯಾರಾದರೂ ಬಕಪ್ಪ ಎಂದು ಕರೆದರೆ ಅವನಿಗೆ ಮೊದಲು ಹೊಳೆಯುವುದು ಅದೇ.

ಗಲ್ಲಿಯಲ್ಲಿ ಲೆವೆಲಿನವನು ಆಗಲೇ ತನ್ನ ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡು, ಗೋಡೆಗೊರಗಿ ಬಿಸ್ಕತ್ತು ತಿನ್ನುತ್ತಿದ್ದ. ಒಂದೊಂದು ಬಿಂದುವಿನ ಎತ್ತರವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆಯುವುದು ಅವನ ಪಾಲು. ಗೇಣಿನಷ್ಟು ಎತ್ತರ ತಪ್ಪಿದರೂ ಸೆಳೆತದ ಲೆಕ್ಕ ತಲೆಕೆಳಗಾಗುತ್ತದೆ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಈ ಗಲ್ಲಿಯ ಕೆಳಗೆ ಹಿಂದೆ ಯಾವಾಗಲೋ ಸುಣ್ಣಕಲ್ಲು ತೆಗೆದಿದ್ದರಂತೆ. ಎಲ್ಲಿ ತೆಗೆದರು, ಎಲ್ಲಿ ಬಿಟ್ಟರು ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಗಲ್ಲಿಯ ಆ ತುದಿಯಲ್ಲಿ ನೀರಿನ ತೊಟ್ಟಿಯೊಂದು ಹಗಲು ಹೊತ್ತಿನಲ್ಲೇ ಮೊಣಕಾಲುದ್ದ ಕುಸಿದು ಕೂತಿತ್ತು. ಈ ತುದಿಯಲ್ಲಿ, ಇಸ್ತ್ರಿ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ, ನಾಲ್ಕು ಮಹಡಿಯ ದವಾಖಾನೆ ಕಟ್ಟುವವರಿದ್ದರು. ನೆಲಕ್ಕೆ ಕಂಬ ಇಳಿಸುವ ದೊಡ್ಡ ಯಂತ್ರ ಇವತ್ತು ಮಧ್ಯಾಹ್ನ ಬಂದು ಇಸ್ತ್ರಿ ಅಂಗಡಿಯ ಮುಂದೆಯೇ ನಿಲ್ಲಬೇಕಿತ್ತು. ಅದಕ್ಕೆ ಮೊದಲು ನೆಲ ಗಟ್ಟಿಯಿದೆ ಎಂದೋ ಇಲ್ಲವೆಂದೋ ಅವನು ಹೇಳಬೇಕಿತ್ತು. ಅಷ್ಟೇ ಕೆಲಸ. ಇಂಥ ಮಾತನ್ನು ಅವನು ಬೇಕಾದಷ್ಟು ಸಲ ಹೇಳಿದ್ದ.

ಗಲ್ಲಿಯ ಕೊನೆಯಲ್ಲಿ ವಾಚನಾಲಯದ ಕಲ್ಲಿನ ಮೆಟ್ಟಿಲು. ಅದು ಮೂಲ ಬಿಂದು, ಅವರ ಬಾಯಲ್ಲಿ ಬೇಸ್. ಬೆಳಿಗ್ಗೆ ಅಲ್ಲಿ ಅಳೆದು ಹೊರಟು, ಕೆಲವು ಬಿಂದುಗಳಾದ ಮೇಲೆ ಮತ್ತೆ ಅಲ್ಲಿಗೇ ಬಂದು ಅಳೆಯಬೇಕು. ಸ್ಪ್ರಿಂಗು ದಣಿಯುತ್ತದೆ, ಬಿಸಿಲಿಗೆ ಬಳಲುತ್ತದೆ, ಚಂದ್ರ ಸೂರ್ಯರೂ ಮೇಲಿನಿಂದ ಅದನ್ನು ಎಳೆದಾಡುತ್ತಾರೆ. ಮೆಟ್ಟಿಲಿಗೆ ಹಿಂತಿರುಗಿ ಬಂದಾಗಲೇ ಅದು ಎಷ್ಟು ಸುಳ್ಳು ಹೇಳುತ್ತಿದೆ ಎಂದು ತಿಳಿಯುವುದು. ಮೊದಲ ಬಿಂದುಗಳೆಲ್ಲ ಹೇಗೋ ಆದವು. ಅವನು ಅಂಕಿ ಹೇಳಿದ, ಲೆವೆಲಿನವನು ಬರೆದುಕೊಂಡ. ಕನ್ನಡಕದ ನಂಬರು ಬದಲಾಗಿದೆ, ನೀನೇ ಬರಿ ಎಂದು ಅವನು ಹೇಳಿ ಎರಡು ತಿಂಗಳಾಗಿತ್ತು. ಇಸ್ತ್ರಿ ಅಂಗಡಿಯ ಮುಂದಿನ ಬಿಂದುವಿಗೆ ಬಂದಾಗ, ಡಬ್ಬವನ್ನು ಅದರ ಕೆಳಗಿಡುವ ಲೋಹದ ತಟ್ಟೆಯ ಮೇಲೆ ಇಳಿಸುವಾಗ, ಕೈ ಒಂದು ಸಲ ಜಿಗಿಯಿತು. ಡಬ್ಬದ ಅಂಚು ತಟ್ಟೆಗೆ ತಾಗಿ ಟಕ್ ಎಂದಿತು. ಸಣ್ಣ ಸದ್ದು. ಲೆವೆಲಿನವನು ಆಗ ದೂರದಲ್ಲಿ ದುರ್ಬೀನಿಗೆ ಕಣ್ಣಿಟ್ಟಿದ್ದ. ಗೋಡೆಯ ಆಚೆ ಇಸ್ತ್ರಿಯವಳು ಪೆಟ್ಟಿಗೆಯನ್ನು ದಡ್ ದಡ್ ಎಂದು ಕುಕ್ಕುತ್ತಿದ್ದಳು.

"ಅಮ್ಮಾ, ಸ್ವಲ್ಪ ಹೊತ್ತು ನಿಲ್ಲಿಸ್ತೀರಾ?"

"ನಿಲ್ಲಿಸ್ದೆ ಸಾರ್. ನಿಮ್ಮ ಡಬ್ಬಕ್ಕೆ ನನ್ನ ಇಸ್ತ್ರಿ ಕಂಡ್ರೆ ಯಾಕಷ್ಟು ಭಯ?" ಎಂದು ಅವಳು ಒಳಗಿನಿಂದಲೇ ನಕ್ಕಳು.

ಅವನು ಮಸೂರಕ್ಕೆ ಕಣ್ಣಿಟ್ಟ. ಗೆರೆ ತಾನಿರಬೇಕಾದಲ್ಲಿ ಇರಲಿಲ್ಲ. ಬಿರಡೆ ತಿರುಗಿಸಿದ, ತಿರುಗಿಸಿದಷ್ಟೂ ಗೆರೆ ಇನ್ನೂ ದೂರ. ಕಡೆಗೆ ಕೂತಾಗ ಅಂಕಿ ಎಷ್ಟು ಕಡಿಮೆಯಿತ್ತೆಂದರೆ ಅವನು ಉಸಿರು ಬಿಟ್ಟು ಮತ್ತೊಮ್ಮೆ ಓದಿದ. ಹಿಂದಿನ ಬಿಂದುವಿಗೂ ಇದಕ್ಕೂ ನಡುವೆ ನೆಲ ಏಕಾಏಕಿ ಹಗುರಾಗಿತ್ತು. ಕೆಳಗೆ ಒಂದು ಕೋಣೆಯಷ್ಟು ಪೊಳ್ಳಿದ್ದರೆ ಬರುವ ಅಂಕಿ ಅದು. ಇಲ್ಲವೆ, ಏಟು ತಿಂದ ಸ್ಪ್ರಿಂಗು ತನ್ನ ಜಾಗದಿಂದ ಕೊಂಚ ಜಾರಿದ್ದರೆ ಬರುವ ಅಂಕಿ. ಅವನು ಸ್ಪ್ರಿಂಗು ಅಲುಗದಂತೆ ಬೀಗ ಹಾಕಿ, ಡಬ್ಬ ಎತ್ತಿಕೊಂಡು, ಮೂಲ ಬಿಂದುವಿಗೆ ಹೋಗಿ ನೋಡಿಬಿಡೋಣವೆಂದು ಬಿರಬಿರನೆ ನಡೆದ. ಅವಸರಕ್ಕೆ ಕೈ ಇನ್ನಷ್ಟು ಕೆಟ್ಟಿತು. ವಾಚನಾಲಯದ ಕಬ್ಬಿಣದ ಗೇಟು ದಾಟುವಾಗ ಡಬ್ಬ ಗೇಟಿನ ಕಂಬಕ್ಕೆ ಬಡಿಯಿತು. ಈ ಸಲ ಸದ್ದು ದೊಡ್ಡದು. ಒಳಗೆ ಪತ್ರಿಕೆ ಓದುತ್ತಿದ್ದ ಒಬ್ಬ ಮುದುಕ ತಲೆಯೆತ್ತಿ ನೋಡಿದ.

ಮೆಟ್ಟಿಲ ಮೇಲೂ ಅಂಕಿ ಬದಲಾಗಿತ್ತು. ಪೂರ್ತಿ ಅಲ್ಲ, ಆ ಕೊರತೆಯ ಮುಕ್ಕಾಲು ಪಾಲಿನಷ್ಟು. ಅಂದರೆ ಸ್ಪ್ರಿಂಗು ಜಾರಿದ್ದು ನಿಜ. ಆದರೆ ಎಲ್ಲಿ? ತಟ್ಟೆಗೆ ತಾಗಿದಾಗ ಜಾರಿದ್ದರೆ ಇಸ್ತ್ರಿ ಅಂಗಡಿಯ ಮುಂದೆ ಪೊಳ್ಳೇ ಇಲ್ಲ. ಕಂಡದ್ದು ಅವನ ಕೈಯ ನಡುಕ. ಗೇಟಿಗೆ ಬಡಿದಾಗ ಜಾರಿದ್ದರೆ ಅಲ್ಲಿ ಕಂಡದ್ದೆಲ್ಲ ಸತ್ಯ, ಕೆಳಗೆ ಕೋಣೆ ಬಾಯಿ ತೆರೆದುಕೊಂಡಿದೆ. ಎರಡು ಪೆಟ್ಟು, ಒಂದು ಮೊದಲು, ಒಂದು ಆಮೇಲೆ. ಎರಡನ್ನೂ ಹೊಡೆದವನು ತಾನು. ಕೈ ಗಟ್ಟಿಯಿದ್ದ ಯಾವ ಮನುಷ್ಯನಿಗೂ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಕಲ್ಲು ತಂಪಾಗಿತ್ತು.

ಅಮ್ಮನಿಗೂ ಹೀಗೇ ಇತ್ತು. ನೆಂಟರು ಬಂದಿದ್ದರು, ಅಥವಾ ಅಪ್ಪನ ಕಚೇರಿಯವರು, ಅಂತೂ ಒಗೆದ ಷರಟು ಹಾಕಿಕೊಂಡ ಯಾರೋ ದೊಡ್ಡ ಮನುಷ್ಯರು. ಅಮ್ಮ ತಟ್ಟೆಯಲ್ಲಿ ನೀರಿನ ಲೋಟಗಳನ್ನಿಟ್ಟುಕೊಂಡು ಬಂದಳು. ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು, ಅವಳು ಬಾಗಿಲಿಗೆ ಬರುವ ಮೊದಲೇ ಆ ಸದ್ದು ಬಂತು. ಒಬ್ಬರ ತೊಡೆಯ ಮೇಲೆ ನೀರು ಚೆಲ್ಲಿತು. ಪರವಾಗಿಲ್ಲ ಪರವಾಗಿಲ್ಲ ಎಂದು ಅವರು ನಕ್ಕರು. ಅಮ್ಮನೂ ನಕ್ಕಳು, "ನನ್ನ ಕೈ ನನ್ನ ಮಾತು ಕೇಳಲ್ಲ ನೋಡಿ" ಎಂದಳು. ಅವಳು ಹಾಗೆ ನಕ್ಕದ್ದನ್ನೇ ಅವನಿಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಹಿಂದೆಯೇ ಹೋಗಿ, "ನೀನು ಇನ್ಮೇಲೆ ಯಾರಾದ್ರೂ ಬಂದ್ರೆ ಒಳಗೇ ಇರಮ್ಮ, ನಾನು ಕೊಡ್ತೀನಿ" ಎಂದ. ಒಳ್ಳೆಯ ಮಗನ ಮಾತಿನ ಹಾಗೆಯೇ ಕೇಳಿಸುತ್ತಿತ್ತು ಅದು. ಅಕ್ಕ ಮಾತ್ರ ಒಲೆಯ ಹತ್ತಿರದಿಂದ ತಿರುಗಿ ಅವನನ್ನೇ ನೋಡಿದಳು. ಆಮೇಲೆ ಮನೆಗೆ ಯಾರು ಬಂದರೂ ಅಮ್ಮ ಒಳಗಿರುತ್ತಿದ್ದಳು. ಬಂದವರು, ಅಮ್ಮ ಎಲ್ಲಿ ಎಂದು ಕೇಳುತ್ತಿದ್ದರು; ಬರುಬರುತ್ತ ಕೇಳುವುದನ್ನೂ ಬಿಟ್ಟರು. ಹಗುರಾದ ಕೆಲಸವೂ ಬೇಡವೆಂದು ಅವನೂ ಅಕ್ಕನೂ ಅವಳ ಕೈಯಿಂದ ಒಂದೊಂದಾಗಿ ಎಲ್ಲವನ್ನೂ ತೆಗೆದುಕೊಂಡರು. ಕಡೆಕಡೆಗೆ ಅಮ್ಮ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು, ಆಗ ಅವು ನಡುಗುತ್ತಿರಲಿಲ್ಲ.

"ಏನಪ್ಪಾ, ಬೇಸ್ ಸರಿ ಬಂತಾ?" ಲೆವೆಲಿನವನು ಪುಸ್ತಕ ಹಿಡಿದು ಬಂದಿದ್ದ.

"ಇನ್ನೊಂದ್ಸಲ ನೋಡ್ತೀನಿ. ಆ ಬಿಂದು ಮತ್ತೆ ಅಳೀಬೇಕು."

ಅಳೆದ. ಇಸ್ತ್ರಿ ಅಂಗಡಿಯ ಮುಂದೆ ಮಂಡಿಯೂರಿ, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದು, ತಿರುಪುಗಳನ್ನು ತಿರುಗಿಸಿದ. ಮಟ್ಟದ ಗುಳ್ಳೆ ನಡುವೆ ಬಂದು ನಿಂತಂತೆ ಮಾಡಿ ಮತ್ತೆ ಸರಿಯಿತು. ಗೆರೆ ಗೆರೆಯ ಮೇಲೆ ಕೂತಂತೆ ಮಾಡಿ ಎದ್ದುಹೋಯಿತು. ಮೊದಲ ಸಲ ಒಂದು ಅಂಕಿ. ಎರಡನೆಯ ಸಲ ಇನ್ನೊಂದು. ಮೂರನೆಯದು ಎರಡನ್ನೂ ಒಪ್ಪದ ಮತ್ತೊಂದು. ಕೈ ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಕೈ ಇನ್ನೂ ಹೆಚ್ಚು ಕುಣಿಯಿತು. ಬೆವರು ಮಸೂರದ ಮೇಲೆ ಬಿತ್ತು. ಅಂಗಡಿಯ ಬಾಗಿಲಿಗೆ ಇಸ್ತ್ರಿಯವಳು ಬಂದು ನಿಂತಳು, ಕೈಯಲ್ಲಿ ಅಂಚಿನ ತನಕ ತುಂಬಿದ ನೀರಿನ ಲೋಟ.

"ಪಾಪ, ಬೆಳಿಗ್ಗೆಯಿಂದ ನೆಲದ ಮುಂದೆ ಕೂತಿದೀರಿ. ಕುಡೀರಿ ಸಾರ್."

"ಬೇಡಮ್ಮ. ಬಾಯಾರಿಕೆ ಇಲ್ಲ."

ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಅವಳು ಲೋಟವನ್ನು ಲೆವೆಲಿನವನಿಗೆ ಕೊಟ್ಟಳು, ಅವನು ಗಟಗಟನೆ ಕುಡಿದ.

ಕಂಬದ ಯಂತ್ರ ಹೇಳಿದ ಹೊತ್ತಿಗಿಂತ ಮೊದಲೇ ಬಂತು. ಗಲ್ಲಿಯ ಬಾಯಲ್ಲಿ ಅದು ತಿರುಗಿಕೊಳ್ಳುತ್ತಿದ್ದಾಗ ಮನೆಗಳ ಗಾಜುಗಳೆಲ್ಲ ಗಲಗಲ ಎಂದವು. ಅದರ ಹಿಂದೆ ಬಂದ ಮೇಸ್ತ್ರಿ, ದವಾಖಾನೆಯ ಕೆಲಸ ವಹಿಸಿಕೊಂಡವನು, ತಲೆಗೆ ಟೋಪಿ, ಬಾಯಿ ತುಂಬ ಅವಸರ.

"ಸಾರ್, ನಮ್ಮ ಗಾಡಿ ದಿನದ ಬಾಡಿಗೇದು. ಗಟ್ಟಿಯಿದ್ಯಾ ಇಲ್ವಾ, ಒಂದು ಮಾತು ಹೇಳ್ಬಿಡಿ."

"ಲೆಕ್ಕ ಆಗ್ತಿದೆ. ಸ್ವಲ್ಪ ತಡೀರಿ" ಎಂದು ಅವನು ಲೆವೆಲಿನವನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ಇಬ್ಬರೂ ಕೂತರು. ಲೆವೆಲಿನವನು ಪೆನ್ನಿನ ತುದಿಯನ್ನು ಅಂಕಿಗಳ ಮೇಲೆ ಓಡಿಸುತ್ತ, ತಲೆಯೆತ್ತದೆ ಕೇಳಿದ, "ಬೇಸ್ ಜಾರಿದ್ಯಲ್ಲ. ಎಲ್ಲೋ ಪೆಟ್ಟು ಬಿದ್ದಿರ್ಬೇಕು. ಆ ಬಿಂದು ಓದೋ ಮೊದಲು ಬಿತ್ತು ಅಂತ ಬರೀಲಾ, ಆಮೇಲೆ ಬಿತ್ತು ಅಂತ ಬರೀಲಾ?"

ಮೊದಲು ಎಂದರೆ ಕೊರತೆ ಹೋಗುತ್ತದೆ. ಉಳಿದ ಕಾಲು ಪಾಲನ್ನು ಯಾರೂ ಕೇಳುವುದಿಲ್ಲ, ಅಷ್ಟು ಏರುಪೇರು ಎಲ್ಲ ನೆಲದಲ್ಲೂ ಇರುತ್ತದೆ. ನಕ್ಷೆಯ ಗೆರೆ ನೀಟಾಗಿ ಬರುತ್ತದೆ, ಯಂತ್ರ ಕೆಲಸ ಶುರುಮಾಡುತ್ತದೆ, ಅವನು ಮನೆಗೆ ಹೋಗಿ ಅರ್ಧ ಲೋಟ ಚಹಾ ಕುಡಿಯುತ್ತಾನೆ. ಆಮೇಲೆ ಎಂದರೆ ಇನ್ನೊಬ್ಬರು ಬಂದು ಅಳೆಯಬೇಕು. ಇನ್ನೊಬ್ಬರೆಂದರೆ ಒಬ್ಬಳೇ, ಈಗ ಅವನಿಗೆ ಮೇಲಧಿಕಾರಿಯಾಗಿರುವವಳು, ಹಿಂದೆ ಅವನ ಬಳಿಯೇ ಈ ಡಬ್ಬ ಹಿಡಿಯುವುದನ್ನು ಕಲಿತವಳು. ಕಲಿಯುವಾಗ ಒಂದು ದಿನ ಅವಳು ಡಬ್ಬವನ್ನು ಕಲ್ಲಿಗೆ ತಾಗಿಸಿ ಸುಮ್ಮನಿದ್ದಳು. ಮೂಲ ಬಿಂದುವಿನಲ್ಲಿ ಗೊತ್ತಾಯಿತು. ಆಗ ಅವನು ಇಡೀ ತಂಡದೆದುರು, ಜೀಪಿನ ಬಾನೆಟ್ಟಿನ ಮೇಲೆ ಕೈಯೂರಿ, "ಕೈ ನಡುಗೋರಿಗೆ ಈ ಕೆಲಸ ಅಲ್ಲಮ್ಮ. ಮನೇಲಿ ಸ್ವೆಟರ್ ಹೆಣ್ಕೊಂಡಿರು" ಎಂದಿದ್ದ. ಎಲ್ಲರೂ ನಕ್ಕಿದ್ದರು. ಒಳ್ಳೆಯ ಮಾತು ಆಡಿದೆನೆಂದು ಅವನಿಗೂ ಅನಿಸಿತ್ತು. ಅವಳು ಅಳಲಿಲ್ಲ, ಅದೂ ಆಗ ಅವನಿಗೆ ಸರಿಕಂಡಿರಲಿಲ್ಲ.

"ಮೊದಲು" ಎಂದ.

ಲೆವೆಲಿನವನು ಒಂದು ಗಳಿಗೆ ಅವನ ಮುಖ ನೋಡಿದ. "ಮೊದಲು" ಎಂದು ತಾನೂ ಹೇಳಿ ಬರೆದ. ಬರೆಯುವ ಸದ್ದು ಕೂಡ ಕೇಳಿಸಿತು.

ಎದ್ದು ಹೋಗಿ ಮೇಸ್ತ್ರಿಗೆ ತಲೆಯಾಡಿಸಿದಾಗ, ಆಶ್ಚರ್ಯ, ಕೈ ಪೂರ್ತಿ ಸುಮ್ಮನಿತ್ತು. ಮೇಸ್ತ್ರಿ ಶಿಳ್ಳೆ ಹಾಕಿ ಯಂತ್ರವನ್ನು ಒಳಗೆ ಕರೆದ. ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯವಳು ಸೆರಗಿಗೆ ಕೈಯೊರೆಸಿಕೊಳ್ಳುತ್ತ ಕೇಳಿದಳು, "ಹಂಗಾದ್ರೆ ನಮ್ಮ ನೆಲ ಗಟ್ಟಿ ಅಂತಾಯ್ತಾ ಸಾರ್?"

"ಗಟ್ಟಿಯಿದೆಯಮ್ಮ."

"ಅಬ್ಬ! ತೊಟ್ಟಿ ಕುಸಿದಾಗಿಂದ ನಮ್ಮತ್ತೆ ಈ ಗೋಡೆ ಹತ್ರ ಮಲಗೋಕೇ ಒಪ್ತಿಲ್ಲ. ಮಂಚ ಎಳ್ಕೊಂಡು ಹೋಗಿ ಅಡುಗೆ ಒಲೆ ಪಕ್ಕ ಹಾಕಿದೀನಿ, ಹೊಗೇಲಿ ಕೆಮ್ಮಿ ಕೆಮ್ಮಿ ಸಾಯ್ತಾರೆ. ನೀವು ಬೆಳಿಗ್ಗೆಯಿಂದ ಕೂತು ನೋಡಿದೀರಿ, ನಿಮ್ಮ ಮಾತಿಗಿಂತ ಇನ್ನೇನು ಬೇಕು." ಅವಳು ಒಳಗೆ ತಿರುಗಿ ಕೂಗಿದಳು, "ಅತ್ತೇ, ಕೇಳಿಸ್ತಾ? ಗಟ್ಟಿಯಿದ್ಯಂತೆ. ಏಳಿ, ಮಂಚ ಮೊದಲಿನ ಜಾಗಕ್ಕೆ ಹಾಕೋಣ."

ಒಳಗೆ ಮುದುಕಿಯ ಕೆಮ್ಮು. ಆಮೇಲೆ ಮಂಚ ಎಳೆಯುವ ಸದ್ದು. ಮಂಚದ ಕಾಲುಗಳು ನೆಲವನ್ನು ಕೆರೆಯುತ್ತ, ನಿಂತು, ಮತ್ತೆ ಕೆರೆಯುತ್ತ ಗೋಡೆಯ ಕಡೆಗೆ ಬರುತ್ತಿದ್ದವು. ಅವನಿಗೆ ಕೋಣೆ ಕಾಣುತ್ತಿರಲಿಲ್ಲ, ಸದ್ದು ಎಲ್ಲಿಗೆ ಬಂತೆಂದು ಮಾತ್ರ ಗೊತ್ತಾಗುತ್ತಿತ್ತು. ಈಗ ಒಲೆಯಿಂದ ಇತ್ತ ಬಂತು. ಈಗ ಕೋಣೆಯ ನಡುವೆ. ಗಟ್ಟಿಯೂ ಇರಬಹುದು, ಅವನೇನು ಸುಳ್ಳು ಹೇಳಿಲ್ಲ, ಪೆಟ್ಟು ಮೊದಲೇ ಬಿದ್ದಿರಬಹುದು, ತಟ್ಟೆಗೆ ತಾಗಿದ್ದಂತೂ ನಿಜ. ಮಂಚ ಇನ್ನೊಂದಿಷ್ಟು ಇತ್ತ ಬಂತು. ತಟ್ಟೆಗೆ ತಾಗಿದ ಸದ್ದು ಎಷ್ಟು ಸಣ್ಣದೆಂಬುದೂ ಅವನಿಗೆ ಗೊತ್ತಿತ್ತು, ಗೇಟಿನದು ಎಷ್ಟು ದೊಡ್ಡದೆಂಬುದೂ. ಗೊತ್ತಿದ್ದೂ ಮೊದಲು ಎಂದಿದ್ದ. ಅಮ್ಮನನ್ನು ಒಳಗೆ ಕೂರಿಸಿದವನು ಈಗ ಇನ್ಯಾರದೋ ಮುದುಕಿಯನ್ನು ತಂದು ಪೊಳ್ಳಿನ ಮೇಲೆ ಮಲಗಿಸುತ್ತಿದ್ದ, ತನ್ನ ಕೈ ಯಾರಿಗೂ ಕಾಣದಿರಲೆಂದು. ಮಂಚ ಗೋಡೆಗೆ ಬಂದು ಧಪ್ಪನೆ ತಾಗಿತು.

"ನಿಲ್ಸಿ!" ಎಂದು ಅವನು ಕೂಗಿದ. ದನಿ ಒಡೆದುಹೋಯಿತು. ಯಂತ್ರದ ಚಾಲಕನಿಗೋ, ಇಸ್ತ್ರಿಯವಳಿಗೋ, ಯಾರಿಗೆಂದು ಅವನಿಗೇ ತಿಳಿಯಲಿಲ್ಲ, ಇಬ್ಬರೂ ನಿಂತರು. "ನನ್ನ ಲೆಕ್ಕ ತಪ್ಪಿದೆ. ಗಾಡಿ ಹಿಂದಕ್ಕೆ ತಗೊಳ್ಳಿ. ಅಮ್ಮಾ, ಅವರನ್ನ ಅಲ್ಲಿ ಮಲಗಿಸ್ಬೇಡಿ."

"ಏನ್ ಸಾರ್ ಇದು, ಮಕ್ಕಳಾಟಾನಾ?" ಮೇಸ್ತ್ರಿ ಟೋಪಿ ತೆಗೆದ. "ಈಗಿನ್ನೂ ಗಟ್ಟಿ ಅಂದ್ರಿ."

"ಅಂದೆ. ಪೆಟ್ಟು ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ನನ್ನ ಕೈ ನಡುಗುತ್ತೆ." ಅವನು ಬಲಗೈಯನ್ನು ಮುಂದೆ ಚಾಚಿದ. ಅದು ಎಂದಿಗಿಂತ ಚೆನ್ನಾಗಿ ನಡುಗಿ ತೋರಿಸಿತು. "ನೋಡಿ. ಬೇರೆಯವರು ಬಂದು ಅಳೀಬೇಕು."

ಮೇಸ್ತ್ರಿ ಆ ಕೈಯನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ, ನಗು ಬಂತು ಅವನಿಗೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಕೈ ನಿಮ್ದು ಡೊಂಕು, ಕೆಲಸ ನಮ್ದು ನಿಲ್ಬೇಕಾ?" ಚಾಲಕನೂ ನಕ್ಕ. ಬಾಗಿಲುಗಳಲ್ಲಿ ನಿಂತ ಕೆಲವರೂ ನಕ್ಕರು. ಅವನ ಕಿವಿ ಸುಟ್ಟಿತು. ಓಡಿಹೋಗಬೇಕೆನಿಸಿತು, ಆದರೆ ಕಾಲ ಕೆಳಗೇ ಆ ಬಿಂದು ಇತ್ತು, ಅವನು ಯಂತ್ರಕ್ಕೆ ಅಡ್ಡವಾಗಿ ನಿಂತಿದ್ದ, ಸರಿದರೆ ಅದು ಬಂದುಬಿಡುತ್ತಿತ್ತು. ಫೋನು ಎತ್ತಿದ. ಬೆರಳು ಅಂಕಿಗಳ ಮೇಲೆ ನಿಲ್ಲಲಿಲ್ಲ, ಎರಡು ಸಲ ಯಾರು ಯಾರಿಗೋ ಹೋಯಿತು. ಲೆವೆಲಿನವನು ಬಂದು ಫೋನು ಕಸಿದುಕೊಂಡು, ತಾನೇ ಒತ್ತಿ, ಅವನ ಕಿವಿಗೆ ಹಿಡಿದ.

"ಗೊತ್ತಿತ್ತೇನೋ ನಿನಗೆ?" ಎಂದು ಬಕಪ್ಪ ಕೇಳಿದ, ಆ ಕಡೆ ಗಂಟೆ ಬಾರಿಸುತ್ತಿರುವಾಗಲೇ.

"ಎರಡು ತಿಂಗಳಿಂದ ನಿನ್ನ ಬರವಣಿಗೆ ಮಾಡ್ತಿದೀನಿ. ಕನ್ನಡಕ ಅಂತೆ ಕನ್ನಡಕ. ನನ್ನ ಕಿವಿಗೆ ಹೂವು ಇಡ್ತೀಯಾ? ಮಾತಾಡು, ಎತ್ತಿದ್ರು."

ಮೇಲಧಿಕಾರಿ ಬರುವ ತನಕ ಅವನು ಅಲ್ಲೇ ನಿಂತಿದ್ದ. ಬಿಸಿಲು ನೆತ್ತಿಯಿಂದ ಜಾರಿತು. ಮೇಸ್ತ್ರಿ ಯಾರು ಯಾರಿಗೋ ಫೋನು ಮಾಡಿ, ಕೈ ನಡುಗೋ ಸಾಹೇಬ್ರು ಎಂದು ಹೇಳಿಕೊಳ್ಳುತ್ತಿದ್ದ. ಇಸ್ತ್ರಿಯವಳು ಬಾಗಿಲಲ್ಲಿ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಮೇಲಧಿಕಾರಿ ಕಾರಿನಿಂದಿಳಿದು ನೇರ ಅವನ ಹತ್ತಿರ ಬಂದಳು. ಕಾಯುತ್ತಿರುವಾಗ ಅವಳಿಗೆ ಹೇಳಬೇಕೆಂದು ಅವನು ಕೆಲವು ಮಾತು ಕೂಡಿಸಿಟ್ಟುಕೊಂಡಿದ್ದ.

"ನಾನು ನಿಮಗೆ ಹಿಂದೆ ಒಂದು ಮಾತು ಅಂದಿದ್ದೆ" ಎಂದು ಶುರುಮಾಡಿದ.

"ಅಂದಿದ್ರಿ. ಎಲ್ರ ಎದುರೂ ಅಂದಿದ್ರಿ. ನಾನು ಮರೆತಿಲ್ಲ ಸರ್." ಅವಳು ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿದಳು, ಅವನು ಕಲಿಸಿದ ಹಾಗೆಯೇ. "ಡಬ್ಬ ಎಲ್ಲಿ?"

ಮೊದಲು ಮೆಟ್ಟಿಲ ಮೇಲೆ ಅಳೆದಳು. ಡಬ್ಬವನ್ನು ಎದೆಗೆ ಒತ್ತಿಕೊಂಡು, ಎಳೆಗೂಸನ್ನು ತಂದಂತೆ ಗಲ್ಲಿಯುದ್ದಕ್ಕೂ ತಂದಳು. ಬಿಂದುವಿನ ಮುಂದೆ ಮಂಡಿಯೂರಿದಳು. ಅವನು ದೂರ ಸರಿದು ಗೋಡೆಗೊರಗಿ ನಿಂತ. ಅವಳ ಬೆರಳುಗಳು ಬಿರಡೆಯನ್ನು ಹಂದಾಡಿಸುತ್ತಿದ್ದವು, ಎಷ್ಟು ಕಡಿಮೆ ಎಂದರೆ ಹಂದಾಡುತ್ತಿವೆಯೆಂದೇ ಕಾಣುತ್ತಿರಲಿಲ್ಲ. ಕೆಳಗೆ ಗಟ್ಟಿ ನೆಲವಿರಲಿ ಎಂದು ಅವನು ಬೇಡಿಕೊಂಡ. ಹಾಗಾದರೆ ತಾನು ಮೂರ್ಖನಾಗುತ್ತೇನೆ, ಆಗಲಿ. ಮರುಗಳಿಗೆಯೇ ಪೊಳ್ಳಿರಲಿ ಎಂದು ಬೇಡಿಕೊಳ್ಳುತ್ತಿರುವುದು ಅವನಿಗೇ ತಿಳಿಯಿತು. ಅವಳು ಅಂಕಿ ಹೇಳಿದಳು. ಎದ್ದು, ಮತ್ತೆ ಮೆಟ್ಟಿಲಿಗೆ ಹೋಗಿ ಅಳೆದಳು. ಮೆಟ್ಟಿಲ ಅಂಕಿ ಕದಲಿರಲಿಲ್ಲ. ಲೆವೆಲಿನವನು ಲೆಕ್ಕ ಮಾಡಿದ.

"ಮೊದಲನೇ ಸಲ ನೀವು ಓದಿದ್ದೇ ಸರಿ ಸರ್" ಎಂದಳು ಅವಳು. "ಕೆಳಗೆ ದೊಡ್ಡದೇ ಇದೆ. ಈ ಗೋಡೆ ಕೆಳಗೂ ಹೋಗಿರ್ಬಹುದು." ಮೇಸ್ತ್ರಿಯ ಕಡೆ ತಿರುಗಿ, "ಗಾಡಿ ಗಲ್ಲಿಯಿಂದಾಚೆ ತಗೊಂಡು ಹೋಗಿ. ಇದು ನನ್ನ ಕೈ ಹೇಳೋದು, ಅವರದ್ದಲ್ಲ" ಎಂದಳು. ಆ ಮಾತಿನಿಂದ ಅವನಿಗೆ ನೋವಾಗಬೇಕೆಂದೇ ಹೇಳಿದಳೋ, ಮೇಸ್ತ್ರಿಯ ಬಾಯಿ ಮುಚ್ಚಿಸಲು ಹೇಳಿದಳೋ. ನೋವಂತೂ ಆಯಿತು. ನಡುಗುವ ಕೈ ಸರಿಯಾಗಿಯೇ ಓದಿತ್ತು. ನಡುಗದೆ ಸುಮ್ಮನಿದ್ದ ಗಳಿಗೆಯಲ್ಲಿ ಅದು ಸುಳ್ಳಿಗೆ ತಲೆಯಾಡಿಸಿದವನ ಕೈಯಾಗಿತ್ತು. ನಾಳೆಯಿಂದ ಅದು ಡಬ್ಬ ಹಿಡಿಯುವುದಿಲ್ಲ. ಅವಳು ಅದನ್ನು ಹೇಳಲಿಲ್ಲ, ಡಬ್ಬವನ್ನು ತನ್ನ ಕಾರಿನಲ್ಲಿಟ್ಟುಕೊಂಡಳು.

ಯಂತ್ರ ಹಿಂದಕ್ಕೆ ಹೋಗುವಾಗ ಗಾಜುಗಳು ಮತ್ತೆ ಗಲಗಲ ಎಂದವು. ಇಸ್ತ್ರಿಯವಳು ಎದ್ದಳು. ಅವಳ ಮುಖದಲ್ಲಿ ಕೃತಜ್ಞತೆ ಮುಂತಾದ್ದೇನೂ ಇರಲಿಲ್ಲ.

"ಒಂದ್ಸಲ ಗಟ್ಟಿ, ಒಂದ್ಸಲ ಪೊಳ್ಳು. ಈಗ ನಾನು ಈ ಮುದುಕೀನ, ಊರವರ ಬಟ್ಟೇನ ತಗೊಂಡು ಎಲ್ಲಿಗೆ ಹೋಗ್ಲಿ ಹೇಳಿ."

"ನನ್ನಿಂದ ತಪ್ಪಾಯ್ತಮ್ಮ."

"ಆಯ್ತು ಬಿಡಿ. ನಿಂತ್ಕೊಂಡು ನೋಡಿದ್ರೆ ಮನೆ ಖಾಲಿಯಾಗುತ್ತಾ?"

ಲೆವೆಲಿನವನು ಮುದುಕಿಯ ತೋಳು ಹಿಡಿದು ವಾಚನಾಲಯಕ್ಕೆ ಕರೆದುಕೊಂಡು ಹೋದ. ಇಸ್ತ್ರಿಯವಳು ಒಳಗೆ ಹೋಗಿ, ಮಡಿಸಿದ ಬಟ್ಟೆಗಳ ರಾಶಿಯೊಂದನ್ನು ಗಲ್ಲದ ತನಕ ಪೇರಿಸಿಕೊಂಡು ಬಂದು ಅವನೆದುರು ನಿಂತಳು. ಅವನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಸರಿದವು.

"ನನ್ನ ಕೈಲಿ ಬೇಡಮ್ಮ. ಬೀಳಿಸ್ತೀನಿ."

"ಬಟ್ಟೆ ತಾನೆ" ಎಂದಳು ಅವಳು ಸಿಟ್ಟಿನಿಂದಲೇ. "ನೀರಲ್ಲ, ಚೆಲ್ಲೋಕೆ. ಹಿಡೀರಿ."

ರಾಶಿ ಅವನ ಕೈಗೆ ಬಂತು. ಇನ್ನೂ ಬಿಸಿಯಿತ್ತು. ಕೈ ನಡುಗಿತು, ಬಟ್ಟೆಗಳೂ ಅದರ ಜೊತೆಗೆ ಸ್ವಲ್ಪ ನಡುಗಿದವು, ಅಷ್ಟೇ, ಒಂದೂ ಬೀಳಲಿಲ್ಲ. ಯಾರಾದರೂ ಅಮ್ಮನ ಕೈಗೆ ಒಂದು ಸಲ ಹೀಗೆ ಬಟ್ಟೆಯ ರಾಶಿ ಹಾಕಿದ್ದರೆ. ಅವನಿಗೆ ಹೊಳೆದಿರಲಿಲ್ಲ, ಇಷ್ಟು ಸುಲಭದ್ದು. ಅವಳು ಆಗಲೇ ಇನ್ನೊಂದು ರಾಶಿ ತರಲು ಒಳಗೆ ಹೋಗಿದ್ದಳು, ನಿಂತಿರಲು ಹೊತ್ತಿರಲಿಲ್ಲ. ಅವನು ಇಸ್ತ್ರಿ ಅಂಗಡಿಯ ಮುಂದಿನ ನೆಲದ ಮೇಲೆ ಕಾಲಿಟ್ಟ. ಕೆಳಗೆ ಪೊಳ್ಳಿದ್ದರೂ ಪಾದಕ್ಕೆ ಏನೂ ತಿಳಿಯಲಿಲ್ಲ, ಎಲ್ಲ ನೆಲದ ಹಾಗೆಯೇ ಇತ್ತು. ಗಲ್ಲದಿಂದ ರಾಶಿಯನ್ನು ಒತ್ತಿ ಹಿಡಿದು ಅದನ್ನು ದಾಟಿದ, ವಾಚನಾಲಯದಲ್ಲಿಟ್ಟು ಮತ್ತೊಂದು ತರಲು ವಾಪಸು ಬಂದ.